ಏಳು ತಿಂಗಳ ಹಾಸಿಗೆ

ಶಿವಾಲ ಘಾಟಿನಿಂದ ಗಂಗೆಯನ್ನು ಬಲಕ್ಕಿಟ್ಟುಕೊಂಡು ನಡೆದರೆ ದಂಡಿ ಘಾಟ್, ಹನುಮಾನ್ ಘಾಟ್ ದಾಟಿದ ಮೇಲೆ ಕರ್ನಾಟಕ ಘಾಟ್ ಸಿಗುತ್ತದೆ. ಹಿಂದಿನ ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಅದರ ಮಗ್ಗುಲಲ್ಲೇ ಹರಿಶ್ಚಂದ್ರ ಘಾಟ್. ರಾಘವಾಂಕನ ಕಥೆ ಕೇಳಿ ಬೆಳೆದ ಅಪ್ಪಯ್ಯನಿಗೆ ಕಾಶಿಯಲ್ಲಿ ವಿಶ್ವನಾಥನಿಗಿಂತ ಮೊದಲು ನೋಡಬೇಕಾಗಿದ್ದದ್ದು ಅದು. ಅವರ ಎಡಗಾಲಿನ ಚಪ್ಪಲಿ ಮೊದಲ ಸಲ ತಾನಾಗಿಯೇ ಕಳಚಿಕೊಂಡದ್ದು ಈ ಮೆಟ್ಟಿಲುಗಳ ಮೇಲೆ. ಹಿಂದೆ ಬರುತ್ತಿದ್ದ ನಾನು ಎತ್ತಿ ಕೊಟ್ಟೆ. ಹತ್ತು ಹೆಜ್ಜೆಗೆ ಮತ್ತೆ ಕಳಚಿತು. ಮೂರನೆಯ ಸಲ ಅದು ಕಳಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಒಂದೇ ಚಪ್ಪಲಿಯಲ್ಲಿ ನಡೆಯುತ್ತಲೇ ಇದ್ದರು.

ನಾನು ನೋಯ್ಡಾದಿಂದ, ಅಪ್ಪಯ್ಯ ಅಮ್ಮ ಕುಂದಾಪುರದ ಕಡೆಯಿಂದ ಬಂದು ಶಿವಾಲದ ಒಂದು ಗಲ್ಲಿಯಲ್ಲಿ ಕೋಣೆ ಹಿಡಿದಿದ್ದೆವು. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿ ನೋಡುವ ಆಸೆ. ಹುಣ್ಣಿಮೆ ಕಳೆದ ಮೂರನೆಯ ದಿನ ಅಪ್ಪಯ್ಯ ಚಹಾದ ಲೋಟವನ್ನು ಮೇಜಿನ ಆಚೆ, ಗಾಳಿಯಲ್ಲಿ ಇಟ್ಟರು. ಅಮ್ಮ ಒರೆಸುತ್ತಾ, "ಅರವತ್ತಕ್ಕೆ ಅರಳು ಮರಳು ಅಂತ್ರ್, ಇವ್ರಿಗೆ ಎಪ್ಪತ್ತಾರಕ್ಕೆ ಬಂತ್" ಎಂದಳು. ನಾವು ನಕ್ಕೆವು. ಅಪ್ಪಯ್ಯನೂ ನಕ್ಕರು, ಬಾಯಿಯ ಒಂದು ಬದಿಯಲ್ಲಿ ಮಾತ್ರ.

ಆ ಸಂಜೆಯ ಸಿಟಿ ಸ್ಕ್ಯಾನಿನಲ್ಲಿ ತಲೆಬುರುಡೆಯ ಬಲಗಡೆ ಬಾಳೆಹಣ್ಣಿನ ಆಕಾರದ ಒಂದು ಮಬ್ಬು ಪಟ್ಟಿ ಇತ್ತು. ಮೆದುಳನ್ನು ಅದು ಎಡಕ್ಕೆ ಒತ್ತಿ ಸರಿಸಿತ್ತು. ಇತ್ತೀಚೆಗೆ ಬಿದ್ದಿದ್ದರೇ ಎಂದು ವೈದ್ಯರು ಕೇಳಿದರು. ಇಲ್ಲ ಎಂದೆ. ಅಮ್ಮನಿಗೆ ಆಮೇಲೆ ನೆನಪಾಯಿತು: ಮಳೆಗಾಲದ ಕೊನೆಗೆ ಅಂಗಳದ ಪಾಚಿಯಲ್ಲಿ ಜಾರಿ ಕೂತಿದ್ದರು, ಕಂಬಕ್ಕೆ ತಲೆ ತಾಗಿತ್ತು, ಗಾಯವೇನೂ ಆಗಿರಲಿಲ್ಲ. ಏಳು ವಾರ ಹಿಂದಿನ ಮಾತು. ಹೃದಯಕ್ಕೆಂದು ದಿನವೂ ನುಂಗುತ್ತಿದ್ದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನೂ ಆಗಲೇ ಲೆಕ್ಕಕ್ಕೆ ತೆಗೆದುಕೊಂಡರು.

ವೈದ್ಯರ ಭಾಷೆಯಲ್ಲಿ ಇದಕ್ಕೆ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಎಂದು ಹೆಸರು. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಬುರುಡೆ ಕುಗ್ಗುವುದಿಲ್ಲ. ನಡುವಿನ ತೆರವಿನಲ್ಲಿ ಸೇತುವೆಯಂತೆ ಹಾದುಹೋಗುವ ಸಣ್ಣ ರಕ್ತನಾಳಗಳು ತಂತಿಯಂತೆ ಬಿಗಿದು ನಿಂತಿರುತ್ತವೆ. ಸಣ್ಣ ಏಟಿಗೆ ಒಂದು ಹರಿದರೆ ಸಾಕು. ಒಸರಿದ ರಕ್ತದ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ, ಆ ಪೊರೆಯಲ್ಲಿ ಹುಟ್ಟುವ ಹೊಸ ನಾಳಗಳು ಇನ್ನೂ ಬಡಕಲು, ಅವು ಮತ್ತೆ ಒಸರುತ್ತವೆ. ಹೀಗೆ ವಾರಗಟ್ಟಲೆ. ಯುವಕನ ತಲೆಯಲ್ಲಿ ಇಷ್ಟು ಜಾಗ ಇಲ್ಲದ್ದರಿಂದ ರಕ್ತ ಸೋರಿದರೆ ಬೇಗ ಗೊತ್ತಾಗುತ್ತದೆ. ಮುದುಕರ ತಲೆ ಅದನ್ನು ಬಹಳ ದಿನ ಸಹಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮನೆಯವರು "ವಯಸ್ಸಾಯ್ತು" ಎಂದು ತೀರ್ಪು ಕೊಟ್ಟು ಮುಗಿಸಿರುತ್ತಾರೆ.

ಆ ತಪ್ಪು ನಮ್ಮ ಮನೆಯಲ್ಲಿ ಮಾತ್ರ ಆದದ್ದಲ್ಲ ಎಂಬುದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದತೊಡಗಿದಾಗ ತಿಳಿಯಿತು. ಮೊಬೈಲಿನಲ್ಲಿ ಓದುವುದು ಬಿಟ್ಟು ಆ ರಾತ್ರಿಗಳಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ.

ಹದಿನೇಳನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ವೆಪ್ಫರ್ ಸತ್ತವರ ತಲೆ ತೆರೆದು ನೋಡುತ್ತಾ, ಮೆದುಳಿನ ಹೊದಿಕೆಯಡಿ ರಕ್ತ ತುಂಬಿದ ಚೀಲವೊಂದನ್ನು ಕಂಡು ಬರೆದಿಟ್ಟ. ಅದಾಗಿ ಇನ್ನೂರು ವರ್ಷಕ್ಕೆ, 1857ರಲ್ಲಿ, ಜರ್ಮನಿಯ ರುಡಾಲ್ಫ್ ವಿರ್ಖೋ ಅದನ್ನೇ ಸೂಕ್ಷ್ಮವಾಗಿ ಪರೀಕ್ಷಿಸಿ, ಹೊದಿಕೆಗೆ ಬಂದ ಉರಿಯೂತದಿಂದ ರಕ್ತ ಬರುತ್ತದೆ ಎಂದು ಹೇಳಿದ. ವಿರ್ಖೋ ಅಂದರೆ ಆ ಕಾಲದ ವೈದ್ಯಲೋಕದಲ್ಲಿ ಎದುರಾಡಲಾಗದ ಹೆಸರು. ಅರ್ಧ ಶತಮಾನಕ್ಕೂ ಮೀರಿ ಇದು ಒಂದು ಬಗೆಯ ಒಳರೋಗ, ಮದ್ಯಪಾನಿಗಳಿಗೆ, ಹುಚ್ಚರಿಗೆ, ಮುದುಕರಿಗೆ ಬರುವಂಥದ್ದು ಎಂದೇ ನಡೆಯಿತು. ಮಾನಸಿಕ ಆಸ್ಪತ್ರೆಗಳಲ್ಲಿ ತೀರಿಕೊಂಡವರ ತಲೆಗಳಲ್ಲಿ ಇದು ಮೇಲಿಂದ ಮೇಲೆ ಸಿಗುತ್ತಿತ್ತು. ಹುಚ್ಚಿನ ಜೊತೆ ಬಂದ ರೋಗ ಎಂದು ಬರೆದುಕೊಂಡರು. ಅವರಲ್ಲಿ ಎಷ್ಟು ಮಂದಿಯ 'ಹುಚ್ಚಿ'ಗೆ ಆ ರಕ್ತವೇ ಕಾರಣವಾಗಿತ್ತೋ! 1914ರಲ್ಲಿ ಲಂಡನ್ನಿನ ವಿಲ್ಫ್ರೆಡ್ ಟ್ರಾಟರ್ ಇದು ಉರಿಯೂತವಲ್ಲ, ಮರೆತುಹೋದ ಯಾವುದೋ ಸಣ್ಣ ಪೆಟ್ಟಿನ ಫಲ, ಹರಿದದ್ದು ಆ ಸೇತುವೆ ನಾಳಗಳು ಎಂದು ವಾದಿಸಿದ. 1925ರಲ್ಲಿ ಅಮೆರಿಕದ ಪಟ್ನಮ್ ಮತ್ತು ಕುಶಿಂಗ್ ಬರೆದ ಪ್ರಬಂಧದ ನಂತರವೇ ಇದು ಶಸ್ತ್ರವೈದ್ಯರ ಕೈಗೆ ಸರಿಯಾಗಿ ಬಂದದ್ದು. ಆಮೇಲೂ ಬುರುಡೆಯೊಳಗೆ ಏನಿದೆ ಎಂದು ನೇರ ನೋಡುವ ದಾರಿ ಇರಲಿಲ್ಲ. ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡನ ಯಂತ್ರ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು. ಅಪ್ಪಯ್ಯ ಅಷ್ಟು ಹೊತ್ತಿಗೆ ಕಾಲೇಜು ಮೆಟ್ಟಿಲು ಹತ್ತಿದವರು. ಅಂದರೆ ಅವರ ಅಜ್ಜನಿಗೆ ಹೀಗೇ ಆಗಿದ್ದರೆ ಅರಳು ಮರಳು ಎಂದೇ ಆಗುತ್ತಿತ್ತು, ಆಗಿರಲೂಬಹುದು.

ತಲೆಯ ಪೆಟ್ಟು ಅಂದರೆ ಜನ ಬೇರೆಯದನ್ನೇ ಕಲ್ಪಿಸಿಕೊಳ್ಳುತ್ತಿದ್ದರು. ನಾವು ಇಳಿದುಕೊಂಡ ಕೋಣೆಗೆ ಕೂಗಳತೆಯಲ್ಲಿ ಚೇತ್ ಸಿಂಗನ ಕೋಟೆ ಇದೆ. 1781ರ ಆಗಸ್ಟಿನಲ್ಲಿ ವಾರನ್ ಹೇಸ್ಟಿಂಗ್ಸ್ ಕಾಶಿಯ ರಾಜನನ್ನು ಇಲ್ಲೇ ಸೆರೆಹಿಡಿಸಿದ. ಕಾವಲಿಗೆ ಬಂದ ಕಂಪನಿಯ ಸಿಪಾಯಿಗಳ ಹತ್ತಿರ ಮದ್ದುಗುಂಡು ಇರಲಿಲ್ಲ. ರಾಜನ ಕಡೆಯವರು ಅವರನ್ನು ಕತ್ತರಿಸಿಹಾಕಿದರು, ರಾಜ ಪೇಟಗಳನ್ನು ಕಟ್ಟಿ ಮಾಡಿದ ಹಗ್ಗದಲ್ಲಿ ಕಿಟಕಿಯಿಂದ ಇಳಿದು ದೋಣಿಯಲ್ಲಿ ಪಾರಾದ. ಅದೇ ಹೊತ್ತಿನ ಲಂಡನ್ನಿನಲ್ಲಿ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ ತಲೆಯ ಗಾಯಗಳ ಮೇಲೆ ಪುಸ್ತಕಗಳನ್ನು ಬರೆದು ಹೆಸರಾಗಿದ್ದ. ಪುಸ್ತಕದ ಹೆಸರಿನಲ್ಲೇ 'ಹೊರಗಿನ ಹಿಂಸೆ' ಎಂಬ ಮಾತಿತ್ತು. ಕತ್ತಿಯೇಟಿಗೆ, ಕುದುರೆಯಿಂದ ಬಿದ್ದದ್ದಕ್ಕೆ ಬುರುಡೆ ಕೊರೆಯುವುದು ಅವರಿಗೆ ಗೊತ್ತಿತ್ತು. ಪಾಚಿಯಲ್ಲಿ ಜಾರಿ ಕೂತು, ಎದ್ದು ಪಂಚೆ ಕೊಡವಿಕೊಂಡು, ಊಟ ಮಾಡಿ ಮಲಗಿದ ಮುದುಕ ಯಾರ ಪುಸ್ತಕದಲ್ಲೂ ಇರಲಿಲ್ಲ.

ಅಪ್ಪಯ್ಯನಿಗೆ ಆಪರೇಷನ್ ಮಾಡಿಸುವುದೋ ಬೇಡವೋ ಎಂದು ಒಂದು ರಾತ್ರಿ ಪೂರ್ತಿ ಚರ್ಚೆ ನಡೆಯಿತು. ಊರಿಂದ ದೊಡ್ಡಪ್ಪಯ್ಯ ಫೋನು ಮಾಡಿ, "ಕಾಶಿಯಂಗ್ ಇದ್ದೀರಿ ಮಗಾ, ಆ ಪ್ರಾಯದಗೆ ತಲೆ ಕೊರ್ಸಿ ನರಳ್ಸ್ಬೇಡ" ಎಂದರು. ಕ್ರೂರವಾದ ಮಾತಲ್ಲ ಅದು. ಕಾಶಿಯಲ್ಲಿ ಸಾಯುವುದಕ್ಕೆಂದೇ ಜನ ಬರುತ್ತಾರೆ, ಹಾಗೆ ಬಂದವರಿಗೆ ಉಳಿದುಕೊಳ್ಳಲು ಈ ಊರಲ್ಲಿ ಮನೆಗಳೇ ಇವೆ. ನಾವು ಮಾತ್ರ ಹಾಗೆಂದು ಬಂದವರಾಗಿರಲಿಲ್ಲ. ಅಮ್ಮ ಹಿಂತಿರುಗುವ ರೈಲಿನ ಟಿಕೆಟನ್ನು ಪರ್ಸಿನಿಂದ ತೆಗೆದು ನನಗೆ ತೋರಿಸಿದಳು, ಬೇರೇನೂ ಹೇಳಲಿಲ್ಲ. ಬೆಳಗ್ಗೆ ಸಹಿ ಹಾಕಿದೆ.

ಆಪರೇಷನ್ ಒಂದು ಗಂಟೆಯೂ ಹಿಡಿಯಲಿಲ್ಲ. ಬುರುಡೆಯಲ್ಲಿ ಎರಡು ತೂತು, ಒಳಗಿನದನ್ನು ಸಲೈನಿನಿಂದ ತೊಳೆಯುವುದು, ಒಂದು ತೆಳು ಕೊಳವೆ ಬಿಟ್ಟು ಹೊಲಿಯುವುದು. ಹೊರಬಂದದ್ದು ಹಳೆಯ ಎಂಜಿನ್ ಆಯಿಲಿನ ಬಣ್ಣದ್ದು. ಆ ಕೊಳವೆಗೂ ಒಂದು ಚರಿತ್ರೆ ಇದೆ, ಬಹಳ ಇತ್ತೀಚಿನದು. ಎಷ್ಟೋ ಕಾಲ ಕೆಲವರು ಅದನ್ನು ಇಡುತ್ತಿದ್ದರು, ಕೆಲವರು ಸೋಂಕಿಗೆ ಹೆದರಿ ಬಿಡುತ್ತಿದ್ದರು. 2009ರಲ್ಲಿ ಕೇಂಬ್ರಿಜ್‌ನ ವೈದ್ಯರು 215 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದರು. ಕೊಳವೆ ಇಟ್ಟವರಲ್ಲಿ ಶೇಕಡಾ 9.3 ಮಂದಿಗೆ ರಕ್ತ ಮತ್ತೆ ಕೂಡಿ ಎರಡನೆಯ ಆಪರೇಷನ್ ಬೇಕಾಯಿತು, ಇಡದವರಲ್ಲಿ ಶೇಕಡಾ 24 ಮಂದಿಗೆ. ಆರು ತಿಂಗಳಲ್ಲಿ ಸತ್ತವರ ಪ್ರಮಾಣ ಶೇಕಡಾ 8.6 ಮತ್ತು 18.1. ಒಂದು ಪ್ಲಾಸ್ಟಿಕ್ ಕೊಳವೆ, ಎರಡು ದಿನ. ಅಂತರ ಎಷ್ಟು ದೊಡ್ಡದಿತ್ತೆಂದರೆ ಪ್ರಯೋಗವನ್ನು ಮುಂಚಿತವಾಗಿಯೇ ನಿಲ್ಲಿಸಿದರು.

ಆಪರೇಷನ್ ಮುಗಿಸಿ ಬಂದ ಯುವ ವೈದ್ಯ, "ತೂತು ಹಾಕುವುದು ನಮ್ಮ ಕೆಲಸ, ಸುಲಭ. ಮುಂದಿನ ಹತ್ತು ದಿನ ನಿಮ್ಮದು" ಎಂದ. ಏನೆಂದು ಆಗ ಅರ್ಥವಾಗಲಿಲ್ಲ.

ಓದುತ್ತಾ ಹೋದಾಗ ನನಗೆ ಸಿಕ್ಕಿದ ಹಳೆಯ ಕಥೆ ಜೀವಕನದು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿದೆ. ಬಿಂಬಿಸಾರನ ವೈದ್ಯ ಜೀವಕ. ಕಾಶಿಯ ಶ್ರೇಷ್ಠಿಯೊಬ್ಬನ ಮಗ ಲಾಗ ಹಾಕಿ ಕರುಳು ಗಂಟಾದಾಗ ಹೊಟ್ಟೆ ಕೊಯ್ದು ಬಿಡಿಸಿ ಸರಿಮಾಡಿದ ಎಂಬ ಕಥೆಯೂ ಅಲ್ಲೇ ಬರುತ್ತದೆ. ರಾಜಗೃಹದ ಶ್ರೇಷ್ಠಿಗೆ ಏಳು ವರ್ಷದಿಂದ ತಲೆಯ ರೋಗ. ಐದು ದಿನದಲ್ಲಿ ಸಾಯುತ್ತಾನೆಂದು ಕೆಲವು ವೈದ್ಯರು, ಏಳು ದಿನದಲ್ಲೆಂದು ಕೆಲವರು. ಜೀವಕ ಬಂದು ಕೇಳುವ ಪ್ರಶ್ನೆ ವಿಚಿತ್ರ: ಒಂದು ಮಗ್ಗುಲಲ್ಲಿ ಏಳು ತಿಂಗಳು, ಇನ್ನೊಂದು ಮಗ್ಗುಲಲ್ಲಿ ಏಳು ತಿಂಗಳು, ಅಂಗಾತ ಏಳು ತಿಂಗಳು ಮಲಗಬಲ್ಲೆಯಾ? ಮಲಗುತ್ತೇನೆ ಎನ್ನುತ್ತಾನೆ ಶ್ರೇಷ್ಠಿ. ಮಂಚಕ್ಕೆ ಕಟ್ಟಿ, ತಲೆಯ ಚರ್ಮ ಸೀಳಿ, ಸಂದು ಬಿಡಿಸಿ, ಎರಡು ಹುಳು ತೆಗೆದು ಸುತ್ತ ನಿಂತವರಿಗೆ ತೋರಿಸಿ, ಮುಚ್ಚಿ ಹೊಲಿದು ಮುಲಾಮು ಹಚ್ಚುತ್ತಾನೆ. ಏಳು ದಿನಕ್ಕೇ ಶ್ರೇಷ್ಠಿಗೆ ಸಾಕಾಗುತ್ತದೆ. ಮಗ್ಗುಲು ಬದಲಿಸುತ್ತಾನೆ, ಮತ್ತೆ ಏಳು ದಿನ. ಅಂಗಾತ ಏಳು ದಿನ. ಇಪ್ಪತ್ತೊಂದು ದಿನಕ್ಕೆ ಗುಣವಾಗಿರುತ್ತಾನೆ. ಆಗ ಜೀವಕ ಹೇಳುವುದಿಷ್ಟು: ಏಳು ತಿಂಗಳು ಅನ್ನದಿದ್ದರೆ ನೀನು ಏಳು ದಿನವೂ ಮಲಗುತ್ತಿರಲಿಲ್ಲ, ಮೂರು ವಾರದಲ್ಲಿ ವಾಸಿಯಾಗುತ್ತೀಯೆಂದು ನನಗೆ ಮೊದಲೇ ಗೊತ್ತಿತ್ತು.

ಹುಳುವಿನ ವಿಷಯ ಬಿಡಿ. ಶ್ರೇಷ್ಠಿಯ ತಲೆಯಲ್ಲಿದ್ದದ್ದು ರಕ್ತ ಎಂದು ನಾನು ವಾದಿಸುತ್ತಿಲ್ಲ. ಆದರೆ ಈ ಕಥೆ ಕಟ್ಟಿದವರು ರೋಗಿಯ ಪಕ್ಕ ರಾತ್ರಿ ಕೂತವರೇ ಇರಬೇಕು. ಕೊಯ್ಯುವುದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಕಥೆಯೆಲ್ಲ ಇರುವುದು ಹಾಸಿಗೆಯಲ್ಲಿ.

ಕಾಶಿಗೆ ಸೇರಿದ ಇನ್ನೊಂದು ಗ್ರಂಥದಲ್ಲೂ ಹಾಗೆಯೇ. ಸುಶ್ರುತ ತಾನು ಕಲಿತದ್ದು ಕಾಶಿರಾಜ ದಿವೋದಾಸ ಧನ್ವಂತರಿಯಿಂದ ಎಂದು ಸಂಹಿತೆ ಹೇಳಿಕೊಳ್ಳುತ್ತದೆ. ಮೆದುಳಿನ ಆಪರೇಷನ್ನೆಲ್ಲ ಅದರಲ್ಲೇ ಇದೆ ಎಂದು ವಾಟ್ಸಾಪಿನಲ್ಲಿ ಬರುವುದನ್ನು ನಾನು ನಂಬುವುದಿಲ್ಲ. 107 ಮರ್ಮಗಳನ್ನು ಎಣಿಸುವ ಆ ಗ್ರಂಥ ತಲೆಯ ಕೆಲವು ಮರ್ಮಗಳಿಗೆ ಪೆಟ್ಟಾದರೆ ತಕ್ಷಣ ಪ್ರಾಣ ಹೋಗುತ್ತದೆಂದು ಎಚ್ಚರಿಸುತ್ತದೆ. ನನಗೆ ಇಷ್ಟವಾದದ್ದು ಸೂತ್ರಸ್ಥಾನದ ಹತ್ತೊಂಬತ್ತನೆಯ ಅಧ್ಯಾಯ. ಗಾಯಾಳುವಿನ ಕೋಣೆ ಹೇಗಿರಬೇಕು ಎಂಬುದೇ ಅದರ ವಸ್ತು. ಗಾಳಿ ಬಿಸಿಲು ನೇರ ಹೊಡೆಯಬಾರದು, ಹಾಸಿಗೆ ಅಗಲವಾಗಿರಬೇಕು, ತಲೆ ಪೂರ್ವಕ್ಕೆ. ಪ್ರೀತಿಯ ಗೆಳೆಯರು ಸುತ್ತ ಕೂತು ಹಿತವಾದ ಕಥೆ ಹೇಳಿ ನೋವು ಮರೆಸಬೇಕು. ಹಗಲು ನಿದ್ದೆ ಮಾಡಗೊಡಬಾರದು. ಉಗುರು ಕೂದಲು ಕತ್ತರಿಸಿರಬೇಕು. ಓದಿದಾಗ ಅಜ್ಜಿಯ ಮಾತು ಕೇಳಿದಂತಾಯಿತು. ಮೂರನೆಯ ರಾತ್ರಿ ಅದು ಅಜ್ಜಿಯ ಮಾತಿಗಿಂತ ಹೆಚ್ಚಿನದೆಂದು ಗೊತ್ತಾಯಿತು.

ಮೊದಲ ಎರಡು ದಿನ ಅಪ್ಪಯ್ಯ ಚೆನ್ನಾಗಿದ್ದರು. ಎಡಗೈ ಎತ್ತಿದರು, ಗಂಜಿ ಕುಡಿದರು. ಮೂರನೆಯ ರಾತ್ರಿ ಒಂದು ಗಂಟೆಗೆ ನನ್ನನ್ನು ಒಳಗೆ ಕರೆದರು. ಅಪ್ಪಯ್ಯ ಮಂಚದ ಕಂಬಿ ಹಿಡಿದು ಎದ್ದು ಕೂತಿದ್ದರು, ಮೂತ್ರದ ನಳಿಕೆ ಎಳೆದುಕೊಂಡು ರಕ್ತವಾಗಿತ್ತು. ಅವರ ಪ್ರಕಾರ ಅದು ಕುಂದಾಪುರದ ಬಸ್ ಸ್ಟ್ಯಾಂಡ್. ಕೊನೆಯ ಬಸ್ಸು ಹೊರಡುತ್ತಿದೆ, ಈ ಜನ ಬಿಡುತ್ತಿಲ್ಲ. ನನ್ನನ್ನು ಕಂಡು, "ಹ್ವಾಯ್, ಸೀಟ್ ಹಿಡ್ಕಣಿ" ಎಂದರು. ಮಗನಿಗಲ್ಲ, ಯಾರೋ ಪರಿಚಯದವರಿಗೆ ಹೇಳಿದಂತೆ, ಬಹುವಚನದಲ್ಲಿ.

ಇದಕ್ಕೆ ನಮ್ಮ ಭಾಷೆಯಲ್ಲಿ ಸನ್ನಿ ಎಂಬ ಒಳ್ಳೆಯ ಪದವಿದೆ. ಅರಳು ಮರಳು ನಿಧಾನಕ್ಕೆ ಬರುವುದು, ಸನ್ನಿ ಹಗಲು ಬೆಳಗಾಗುವುದರಲ್ಲಿ ಬರುವುದು, ಸಾಮಾನ್ಯವಾಗಿ ಹೋಗುವುದೂ ಕೂಡ. ದೊಡ್ಡ ಆಪರೇಷನ್ ಆದ ವೃದ್ಧರಲ್ಲಿ ಬಹಳ ಮಂದಿಗೆ ಆಗುತ್ತದೆ. ನಿದ್ದೆಯಿಲ್ಲದ ರಾತ್ರಿ, ಸದಾ ಉರಿಯುವ ಟ್ಯೂಬ್‌ಲೈಟು, ಕನ್ನಡಕ ತೆಗೆದಿಟ್ಟ ಕಣ್ಣು, ನೀರು ಸಾಲದ ದೇಹ, ಮೂತ್ರದ ಸೋಂಕು, ಹೊಸ ಮಾತ್ರೆಗಳು: ಯಾವುದೂ ಸಾಕು. ಅಮೆರಿಕದ ಯೇಲ್‌ನಲ್ಲಿ ಶೇರನ್ ಇನೋಯಿ ಮತ್ತು ಸಂಗಡಿಗರು ಎಪ್ಪತ್ತು ದಾಟಿದ 852 ರೋಗಿಗಳನ್ನು ನೋಡಿಕೊಂಡು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕಿತ್ಸೆ ಅಂದರೆ ಇಷ್ಟೇ: ಕನ್ನಡಕ, ಶ್ರವಣಯಂತ್ರ ಕೊಡುವುದು, ನೀರು ಕುಡಿಸುವುದು, ಹತ್ತಿರ ಕೂತು ಮಾತಾಡುವುದು, ಬೇಗ ನಡೆಸುವುದು, ರಾತ್ರಿ ಸದ್ದು ಕಡಿಮೆ ಮಾಡುವುದು. ಸನ್ನಿ ಶೇಕಡಾ 15ರಿಂದ 9.9ಕ್ಕೆ ಇಳಿಯಿತು. ಸುಶ್ರುತನ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಅಂಕಿ ಸಂಖ್ಯೆ ಕೂಡಿದಂತೆ ಕಂಡಿತು ನನಗೆ. ಎರಡನ್ನೂ ಒಂದೇ ಎನ್ನುವಷ್ಟು ಉತ್ಸಾಹ ನನಗಿಲ್ಲ. ರೋಗಿಯ ಪಕ್ಕ ಕೂತವರಿಗೆ ಕಂಡದ್ದು ಮಾತ್ರ ಒಂದೇ.

ನಮಗೆ ಇನ್ನೊಂದು ತೊಡಕಿತ್ತು, ಪರವೂರಲ್ಲಿ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದ ಈ ಪತ್ರಿಕೆಯ ಓದುಗರಲ್ಲಿ ಕೆಲವರಿಗಾದರೂ ಗೊತ್ತಿರುವಂಥದ್ದು. ತಲೆಗೆ ಪೆಟ್ಟಾದವರ ಪ್ರಜ್ಞೆಯನ್ನು ಅಳೆಯುವ ಕೋಷ್ಟಕವೊಂದಿದೆ, 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನ್ನೆಟ್ ಮಾಡಿದ್ದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಾಂಗ ಆಡಿಸುವುದಕ್ಕೆ 6. ಒಟ್ಟು 15. ನರ್ಸು ಗಂಟೆಗೊಮ್ಮೆ ಬಂದು ಗುರುತು ಹಾಕುತ್ತಾಳೆ. ಅಂಕ ಇಳಿದರೆ ಒಳಗೆ ಮತ್ತೆ ರಕ್ತ ಕೂಡುತ್ತಿದೆಯೋ ಎಂದು ಸ್ಕ್ಯಾನಿಗೆ ಒಯ್ಯುತ್ತಾರೆ. ಮಾತಿನ ಐದಕ್ಕೆ ಐದು ಸಿಗಬೇಕಾದರೆ ಹೆಸರು, ಜಾಗ, ತಿಂಗಳು ಸರಿ ಹೇಳಬೇಕು. ಯಾವ ಭಾಷೆಯಲ್ಲಿ ಕೇಳಬೇಕೆಂದು ಕೋಷ್ಟಕ ಹೇಳುವುದಿಲ್ಲ.

ನಾಲ್ಕನೆಯ ಬೆಳಗ್ಗೆ ಅಪ್ಪಯ್ಯ ತಿಳಿಯಾಗಿದ್ದರು. ನರ್ಸು ಹಿಂದಿಯಲ್ಲಿ ಯಾವ ತಿಂಗಳು ಬಾಬಾ ಎಂದು ಕೇಳಿದಳು. ಅಷ್ಟು ಹಿಂದಿ ಅವರಿಗೆ ಬರುತ್ತದೆ. "ಕಾರ್ತಿಕ" ಎಂದರು. ಆಕೆ ತಲೆಯಾಡಿಸಿ, ಅಗಹನ್ ಬಂದಾಯಿತು ಎನ್ನುತ್ತಾ ನಾಲ್ಕು ಎಂದು ಬರೆದಳು. ನಾಲ್ಕೆಂದರೆ ಗೊಂದಲದಲ್ಲಿದ್ದಾನೆ ಎಂದು. ನನಗೂ ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು: ಉತ್ತರದಲ್ಲಿ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಹುಣ್ಣಿಮೆ ಕಳೆದ ಕೃಷ್ಣಪಕ್ಷ ಆಕೆಗೆ ಅಗಹನ್, ಅಂದರೆ ಮಾರ್ಗಶಿರ. ಅಪ್ಪಯ್ಯನಿಗೆ ಇನ್ನೂ ಕಾರ್ತಿಕ ಬಹುಳ. ಗೊಂದಲ ಅಪ್ಪಯ್ಯನದಾಗಿರಲಿಲ್ಲ, ಪಂಚಾಂಗದ್ದು. ನಾನು ವಿವರಿಸಿದೆ. ಆಕೆಗೆ ನಗು ಬಂತು, ಆದರೆ ಬರೆದದ್ದನ್ನು ತಿದ್ದಲಿಲ್ಲ. ಅಂದಿನಿಂದ ನಾನು ಕೋಷ್ಟಕ ತುಂಬುವ ಹೊತ್ತಿಗೆ ಹಾಜರಿದ್ದು, ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ಉತ್ತರವನ್ನು ಹಿಂದಿಯಲ್ಲಿ ಹೇಳತೊಡಗಿದೆ. ಅಂಕ 15ಕ್ಕೆ ಬಂತು. ಅವರ ಮೆದುಳಿನಲ್ಲಿ ಆ ಒಂದು ಗಂಟೆಯಲ್ಲಿ ಏನೂ ಬದಲಾಗಿರಲಿಲ್ಲ.

ಕಾಶಿಯ ವೈದ್ಯಕೀಯಕ್ಕೆ ಕನ್ನಡ ಗೊತ್ತಿಲ್ಲವೆಂದಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯವಿಜ್ಞಾನ ಸಂಸ್ಥೆಯನ್ನು ಕಟ್ಟಿದವರು ನಮ್ಮ ದಕ್ಷಿಣ ಕನ್ನಡದ ಕಟೀಲು ನರಸಿಂಹ ಉಡುಪರು. 1920ರಲ್ಲಿ ಹುಟ್ಟಿದವರು. ಇದೇ ವಿಶ್ವವಿದ್ಯಾಲಯದಲ್ಲಿ ಆಯುರ್ವೇದ ಓದಿ, ಅಮೆರಿಕ ಕೆನಡಾಗಳಿಗೆ ಹೋಗಿ ಆಧುನಿಕ ಶಸ್ತ್ರಚಿಕಿತ್ಸೆ ಕಲಿತು, ಹಿಮಾಚಲದಲ್ಲಿ ಕೆಲಸ ಮಾಡಿ, 1959ರಲ್ಲಿ ಕಾಶಿಗೆ ಮರಳಿದರು. ಆಯುರ್ವೇದದ ಸ್ಥಿತಿಗತಿ ಪರಿಶೀಲಿಸಲು ಕೇಂದ್ರ ಸರ್ಕಾರ 1958ರಲ್ಲಿ ನೇಮಿಸಿದ ಸಮಿತಿ ಇಂದಿಗೂ ಉಡುಪ ಸಮಿತಿ ಎಂದೇ ಪ್ರಸಿದ್ಧ. 1960ರಲ್ಲಿ ವೈದ್ಯಕೀಯ ಕಾಲೇಜು, 1971ರಲ್ಲಿ ಅದೇ ಸಂಸ್ಥೆಯಾಯಿತು. ಆಧುನಿಕ ವೈದ್ಯ, ಆಯುರ್ವೇದ ಎರಡೂ ವಿಭಾಗ ಒಂದೇ ಅಂಗಳದಲ್ಲಿ. ಉಡುಪರು ಮಾಡಿದ ಸಂಶೋಧನೆಯಲ್ಲಿ ಬಹುಪಾಲು ಕೊಯ್ದ ನಂತರದ್ದು: ಗಾಯ ಹೇಗೆ ಕೂಡುತ್ತದೆ, ಮುರಿದ ಮೂಳೆ ಹೇಗೆ ಬೆಸೆಯುತ್ತದೆ. ನಾವು ಚಟ್ನಿ ಮಾಡುವ ಮಂಗರವಳ್ಳಿಯಿಂದ ಮೂಳೆ ಬೇಗ ಕೂಡುತ್ತದೆಯೇ ಎಂದು ಪ್ರಯೋಗ ಮಾಡಿ 1960ರ ದಶಕದಲ್ಲಿ ಪ್ರಬಂಧ ಬರೆದರು. ಹಳೆಯ ಗ್ರಂಥದ ಮಾತನ್ನು ಪೂಜಿಸದೆ, ತಳ್ಳಿಯೂ ಹಾಕದೆ ಪರೀಕ್ಷೆಗೆ ಒಡ್ಡುವ ಅವರ ರೀತಿ ನನಗೆ ಹಿಡಿಸಿತು. ಶಿವಾಲದಿಂದ ಆ ವಿಶ್ವವಿದ್ಯಾಲಯಕ್ಕೆ ಆಟೋದಲ್ಲಿ ಹೆಚ್ಚು ದೂರವಿಲ್ಲ. ಅಮ್ಮನಿಗೆ ಉಡುಪರ ಕಥೆ ಹೇಳಿದೆ. "ನಮ್ ಬದಿಯರೇ ಅಲ್ದಾ" ಎಂದು ಬಹಳ ದಿನಗಳ ಮೇಲೆ ಆಕೆಯ ಮುಖ ಅರಳಿತು.

ಐದನೆಯ ದಿನ ಜ್ವರ ಬಂತು. ಕೆಮ್ಮು ಗಟ್ಟಿಯಾಯಿತು, ಉಸಿರು ಸಣ್ಣದಾಯಿತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗೆ. ತಲೆ ಸರಿಯಾಗುತ್ತಾ ಬಂದ ಮುದುಕರು ಎದೆಯಿಂದ ಹೋಗುವುದೇ ಹೆಚ್ಚು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ನನಗೆ ನೆನಪಾದದ್ದು ಎರಡು ಹೆಸರು. ಪ್ರಣಬ್ ಮುಖರ್ಜಿ 84ರ ವಯಸ್ಸಿನಲ್ಲಿ ದೆಹಲಿಯ ಮನೆಯಲ್ಲಿ ಬಿದ್ದರು, 2020ರ ಆಗಸ್ಟ್ 10ರಂದು ಸೇನಾ ಆಸ್ಪತ್ರೆಯಲ್ಲಿ ಮೆದುಳಿನ ಹೆಪ್ಪು ತೆಗೆದರು. ಕೋವಿಡ್ ಕೂಡ ಇತ್ತು. ಆಮೇಲೆ ಕೋಮಾ, ಶ್ವಾಸಕೋಶದ ಸೋಂಕು, ಮೂತ್ರಪಿಂಡದ ತೊಂದರೆ, ಕೊನೆಗೆ ಸೋಂಕು ಮೈಯೆಲ್ಲ ಹರಡಿ ಆಗಸ್ಟ್ 31ರಂದು ತೀರಿಕೊಂಡರು. ಮರುವರ್ಷ ನಮ್ಮ ಉಡುಪಿಯ ಆಸ್ಕರ್ ಫರ್ನಾಂಡಿಸ್. ಜುಲೈಯಲ್ಲಿ ಮನೆಯಲ್ಲಿ ವ್ಯಾಯಾಮ ಮಾಡುವಾಗ ಬಿದ್ದರು, ಮೊದಲಿಗೆ ಏನೂ ಅನಿಸಿರಲಿಲ್ಲ, ಆಸ್ಪತ್ರೆಗೆ ಹೋದಾಗಲೇ ತಲೆಯೊಳಗಿನ ರಕ್ತ ಗೊತ್ತಾದದ್ದು. ಆಪರೇಷನ್ ಆಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಸೆಪ್ಟೆಂಬರ್ 13ರಂದು, 80ರ ಪ್ರಾಯದಲ್ಲಿ, ಹೋದರು. ದೇಶದ ಅತಿ ದೊಡ್ಡ ವೈದ್ಯರು ಸುತ್ತ ಇದ್ದೂ ವಾರಗಟ್ಟಲೆಯ ಹಾಸಿಗೆಯನ್ನು ದಾಟಲಾಗಲಿಲ್ಲ. ಇನ್ನೊಂದು ಬದಿಗೆ, 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಇಂಥದ್ದೇ ರಕ್ತಕ್ಕೆ ತುರ್ತು ಆಪರೇಷನ್ ಆದ, ಮೈಸೂರಿನಲ್ಲಿ ಹುಟ್ಟಿದ ಜಗ್ಗಿ ವಾಸುದೇವ್ ಹತ್ತು ದಿನಕ್ಕೆ ಮನೆಗೆ ನಡೆದರು. ಅವರಿಗೆ 66. ಇವರ ತಲೆಯೊಳಗಿನದು ಒಂದೇ ಬಗೆಯ ರಕ್ತವೆಂದಾಗಲಿ, ವಯಸ್ಸೊಂದೇ ಕಾರಣವೆಂದಾಗಲಿ ನಾನು ಹೇಳಲಾರೆ. ಆದರೂ ಆ ರಾತ್ರಿ ನಾನು 66ಕ್ಕೂ 84ಕ್ಕೂ ನಡುವೆ 76ನ್ನು ಇಟ್ಟು ಲೆಕ್ಕ ಹಾಕುತ್ತಾ ಕೂತಿದ್ದೆ.

ಮಲಗಿಸಿಯೇ ಇಡಬೇಕೋ ಎಬ್ಬಿಸಬೇಕೋ ಎಂಬುದು ಜೀವಕನ ಕಾಲದ ಪ್ರಶ್ನೆ, ಈಗಲೂ ಮುಗಿದಿಲ್ಲ. ಬಹುಕಾಲ ಶಸ್ತ್ರವೈದ್ಯರು ಒಂದೆರಡು ದಿನ ಚಪ್ಪಟೆಯಾಗಿ ಮಲಗಿಸುವುದನ್ನೇ ನೆಚ್ಚಿದ್ದರು. ತಲೆ ತಗ್ಗಿದ್ದರೆ ಕುಗ್ಗಿದ ಮೆದುಳು ಮತ್ತೆ ಅರಳಿ ತೆರವು ತುಂಬುತ್ತದೆ, ರಕ್ತ ಕೂಡಲು ಜಾಗವಿರುವುದಿಲ್ಲ ಎಂಬ ತರ್ಕ. ಆದರೆ ಮಲಗಿದ ಮುದುಕರ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ನಾಳದಲ್ಲಿ ರಕ್ತ ಹೆಪ್ಪಾಗುತ್ತದೆ, ಬೆನ್ನು ಹುಣ್ಣಾಗುತ್ತದೆ, ತೊಡೆಯ ಸ್ನಾಯು ಕರಗುತ್ತದೆ. ಪೋರ್ಚುಗಲ್ಲಿನಲ್ಲಿ ಈಚೆಗೆ ಕೆಲವು ರೋಗಿಗಳನ್ನು ಹನ್ನೆರಡು ಗಂಟೆಯೊಳಗೇ ಎಬ್ಬಿಸಿ, ಉಳಿದವರನ್ನು ಎರಡು ದಿನ ಮಲಗಿಸಿ ಹೋಲಿಸಿದರು. ಬೇಗ ಎದ್ದವರಲ್ಲಿ ಸೋಂಕು ಮುಂತಾದ ತೊಂದರೆ ಕಡಿಮೆಯಾಯಿತು, ರಕ್ತ ಮರುಕಳಿಸುವುದು ಹೆಚ್ಚಾಗಲಿಲ್ಲ. ಏಳು ತಿಂಗಳಿಂದ ಏಳು ದಿನಕ್ಕೆ, ಅಲ್ಲಿಂದ ಹನ್ನೆರಡು ಗಂಟೆಗೆ. ಆಪರೇಷನ್ನೇ ಇಲ್ಲದೆ ಮಾತ್ರೆಯಲ್ಲಿ ಮುಗಿಸುವ ಆಸೆಯೂ ಇದೆ. ಸ್ಟೆರಾಯ್ಡ್ ಕೊಟ್ಟರೆ ರಕ್ತ ಮರುಕಳಿಸುವುದು ಕಡಿಮೆಯಾಗುತ್ತದೆಂದು ಎಷ್ಟೋ ಕಡೆ ಕೊಡುತ್ತಿದ್ದರು. 2020ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರಲ್ಲಿ ಆರು ತಿಂಗಳ ನಂತರ ಚೆನ್ನಾಗಿದ್ದವರು ಸ್ಟೆರಾಯ್ಡ್ ಪಡೆದವರಲ್ಲಿ ಶೇಕಡಾ 83.9, ಪಡೆಯದವರಲ್ಲಿ ಶೇಕಡಾ 90.3. ಎರಡನೆಯ ಆಪರೇಷನ್ ಕಡಿಮೆಯಾಯಿತು, ನಿಜ. ಮನುಷ್ಯ ಒಟ್ಟಾರೆ ಚೆನ್ನಾಗಿದ್ದಾನೆಯೇ ಎಂದು ಕೇಳಿದಾಗ ಉತ್ತರ ಬೇರೆ ಬಂತು.

ಅಪ್ಪಯ್ಯನನ್ನು ಕೂರಿಸುವ ಕೆಲಸಕ್ಕೆ ಇಳಿದೆವು. ಗಂಟೆಗೊಮ್ಮೆ ಎಬ್ಬಿಸಿ, ಬೆನ್ನು ತಟ್ಟಿ, ಕೆಮ್ಮಿಸಿ. ಕುಡಿಯುವಾಗ ಗಲ್ಲ ತಗ್ಗಿಸಬೇಕು, ಇಲ್ಲದಿದ್ದರೆ ನೀರು ಶ್ವಾಸಕ್ಕೆ ಹೋಗುತ್ತದೆ. ಅಮ್ಮ ಹಗಲು ನಿದ್ದೆಗೆ ಬಿಡುತ್ತಿರಲಿಲ್ಲ. ಕನ್ನಡಕ ಏರಿಸಿ, ಊರ ಸುದ್ದಿ ಒಂದೊಂದೇ ಹೇಳುವಳು: ಯಾರ ಮನೆಯ ದನ ಕರು ಹಾಕಿತು, ಈ ಸಲದ ತಿರುಗಾಟಕ್ಕೆ ಯಾವ ಮೇಳದ ಆಟ ಯಾರು ಹರಕೆ ಹೊತ್ತಿದ್ದಾರೆ. ಪಕ್ಕದ ಮಂಚದ ಗಾಜೀಪುರದ ಮುದುಕನ ಮಗ ಒಂದಕ್ಷರ ತಿಳಿಯದೆಯೂ ಕೇಳುತ್ತಾ ಕೂರುತ್ತಿದ್ದ. ಅವನ ತಂದೆ ಎಂಟನೆಯ ದಿನ ಹೋದರು. ಅವರ ಮಂಚವನ್ನು ಒರೆಸುವಾಗ ಅಮ್ಮ ಮಾತು ನಿಲ್ಲಿಸಲಿಲ್ಲ, ದನಿ ಮಾತ್ರ ಸ್ವಲ್ಪ ತಗ್ಗಿಸಿದಳು.

ಒಂಬತ್ತನೆಯ ದಿನಕ್ಕೆ ಜ್ವರ ಬಿಟ್ಟಿತು. ಹತ್ತನೆಯ ದಿನ ಅಪ್ಪಯ್ಯ ಗೋಡೆ ಹಿಡಿದು ಬಾಗಿಲವರೆಗೆ ನಡೆದರು. ಇನ್ನೊಂದು ಸ್ಕ್ಯಾನಿನಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ ಉಳಿದಿತ್ತು. ಆ ಗಾಳಿಯ ದೆಸೆಯಿಂದ ಸದ್ಯಕ್ಕೆ ವಿಮಾನ ಬೇಡ, ರೈಲಿನಲ್ಲೇ ಹೋಗಿ ಎಂದರು. ಹೃದಯದ ಮಾತ್ರೆಯನ್ನು ಯಾವಾಗ ಮತ್ತೆ ಶುರುಮಾಡುವುದೆಂದು ಮೆದುಳಿನ ವೈದ್ಯರಿಗೂ ಹೃದಯದ ವೈದ್ಯರಿಗೂ ಫೋನಿನಲ್ಲಿ ದೀರ್ಘ ಮಾತುಕತೆ ನಡೆಯಿತು. ಬೇಗ ಕೊಟ್ಟರೆ ತಲೆಗೆ ಅಪಾಯ, ತಡ ಮಾಡಿದರೆ ಎದೆಗೆ. ಮೂರು ವಾರ ಬಿಟ್ಟು, ಊರಲ್ಲಿ ಮತ್ತೊಂದು ಸ್ಕ್ಯಾನ್ ಮಾಡಿಸಿ ನೋಡುವುದೆಂದಾಯಿತು.

ಬಿಡುಗಡೆಯ ದಿನ ಅದೇ ನರ್ಸು ಕಾಗದ ಹಿಡಿದು ಬಂದಳು. ನನ್ನತ್ತ ನೋಡಿ ನಕ್ಕು, ಅಪ್ಪಯ್ಯನನ್ನೇ ಕೇಳಿದಳು, ತಿಂಗಳು ಯಾವುದು ಬಾಬಾ? ಅಷ್ಟರಲ್ಲಿ ಅಮಾವಾಸ್ಯೆ ಕಳೆದಿತ್ತು. ಶುಕ್ಲಪಕ್ಷದಲ್ಲಿ ಅವರ ತಿಂಗಳೂ ನಮ್ಮ ತಿಂಗಳೂ ಒಂದೇ. ಅಪ್ಪಯ್ಯ ಬೆರಳು ಮಡಚಿ ಎಣಿಸಿದರು, ಎಡಗೈ ಬೆರಳುಗಳನ್ನೇ.

"ಮಾರ್ಗಶಿರ ಶುದ್ಧ ತದಿಗೆ" ಎಂದರು. ತದಿಗೆಯನ್ನು ನಾನು ಹಿಂದಿಗೆ ಮಾಡುವಷ್ಟರಲ್ಲಿ ಆಕೆ ಐದು ಎಂದು ಬರೆದಾಗಿತ್ತು.